ಚೋಕ್ ಕೇಬಲ್ ಸುಟ್ಟದ್ದು ಯಾಕೆ?

ನಮ್ಮ ಅಂಬಾಸಿಡರಿನಲ್ಲಿ ಚೋಕ್ ಕೇಬಲ್, ಅಂದರೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಪೆಟ್ರೋಲ್ ಹೆಚ್ಚಿಸುವ ಗುಂಡಿಯ ತಂತಿ, ಬಾಳಿಕೆ ಬರುತ್ತಿರಲಿಲ್ಲ. ಹೊಸದು ಹಾಕಿಸಿದರೆ ಸ್ವಲ್ಪ ದಿನ ಸರಾಗ. ಆಮೇಲೆ ಗುಂಡಿ ಎಳೆಯಲು ಬಿಗಿ. ಕೊನೆಗೊಂದು ದಿನ ಎಳೆದದ್ದು ವಾಪಸ್ ಹೋಗುವುದೇ ಇಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಕಡಲ ಗಾಳಿ, ಉಪ್ಪು, ತುಕ್ಕು. ಕುಂಬಳೆಯ ಕಡಲು ನಮ್ಮ ಮನೆಗೆ ದೂರವೇನಲ್ಲ. ಜೂನ್ ಬಂತೆಂದರೆ ಶೆಡ್ಡಿನ ಬೀಗಕ್ಕೂ ತುಕ್ಕು ಹಿಡಿಯುತ್ತದೆ. ಹಾಗಾಗಿ ಯಾರೂ ಆ ಮಾತನ್ನು ಎರಡನೇ ಸಲ ಯೋಚಿಸಲಿಲ್ಲ.

ಕಾರು ಮಾರ್ಕ್ 3. ಅಡಕೆಗೆ ಒಳ್ಳೆಯ ರೇಟು ಬಂದ ವರ್ಷ ಅಜ್ಜ ತಂದದ್ದು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ಕ್ಕೆ, ಇದು ಅದಕ್ಕಿಂತ ಹಿಂದಿನ ಗಾಡಿ. ಅದಕ್ಕೇ ನಂಬರ್ ಪ್ಲೇಟಿನಲ್ಲಿ ಈಗಲೂ ಕಣ್ಣೂರಿನ ಕೆಎಲ್‌ಸಿ ಇದೆ. ನಮ್ಮ ಕಡೆಯ ಅಂಬಾಸಿಡರುಗಳಲ್ಲಿ ಹೆಚ್ಚಿನವು ಬಾಡಿಗೆಗೆ ಓಡಿದವು. ಡೀಸೆಲ್ ಎಂಜಿನ್ ಹಾಕಿಸಿಕೊಂಡು, ಸವೆದು, ಗುಜರಿಗೆ ಹೋದವು. ನಮ್ಮದು ಮಾತ್ರ ಪೆಟ್ರೋಲಿನಲ್ಲೇ ಉಳಿಯಿತು. ಅದೇ 1489 ಸಿಸಿ ಎಂಜಿನ್, ಅದಕ್ಕೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಅದೇ ಎಸ್‌ಯು ಕಾರ್ಬೊರೇಟರ್. 2014ರಲ್ಲಿ ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾದ ಕಾರ್ಖಾನೆ ನಿಂತ ಸುದ್ದಿ ಓದಿ ಅಪ್ಪ ಅವತ್ತು ಗಾಡಿಯನ್ನು ತೊಳೆದು ಪಾಲಿಷ್ ಹಾಕಿದ್ದರು.

ಈ ಎಸ್‌ಯು ಕಾರ್ಬೊರೇಟರಿನ ಚೋಕ್ ಬೇರೆ ಗಾಡಿಗಳ ಹಾಗಲ್ಲ. ಗಾಳಿಯ ದಾರಿಯನ್ನು ಮುಚ್ಚುವ ತಗಡಿನ ಬಾಗಿಲು ಇದರಲ್ಲಿ ಇಲ್ಲ. ಗುಮ್ಮಟದಂಥ ಒಂದು ಚೇಂಬರಿನೊಳಗೆ ಪಿಸ್ಟನ್ ಒಂದು ಎಂಜಿನ್ನಿನ ಎಳೆತಕ್ಕೆ ತಕ್ಕ ಹಾಗೆ ಏರಿ ಇಳಿಯುತ್ತಿರುತ್ತದೆ. ಅದರ ಕೆಳಗೆ ಚೂಪಾಗುತ್ತಾ ಹೋಗುವ ಸೂಜಿ. ಆ ಸೂಜಿ ಜೆಟ್ ಎಂಬ ಸಣ್ಣ ಕೊಳವೆಯೊಳಗೆ ಇಳಿದಿರುತ್ತದೆ. ಚೋಕ್ ಗುಂಡಿ ಎಳೆದರೆ ಜೆಟ್ಟೇ ಕೆಳಕ್ಕೆ ಜಾರುತ್ತದೆ. ಸೂಜಿಯ ತೆಳ್ಳಗಿನ ಭಾಗ ಅದರ ಬಾಯಿಗೆ ಬರುತ್ತದೆ, ಸುತ್ತ ಜಾಗ ಜಾಸ್ತಿಯಾಗುತ್ತದೆ, ಪೆಟ್ರೋಲು ಹೆಚ್ಚು ಬರುತ್ತದೆ. ಗುಂಡಿ ಒಳಗೆ ತಳ್ಳಿದರೆ ಜೆಟ್ ಮೇಲೆ ಬರಬೇಕು. ಬಾರದೆ ಅರ್ಧದಲ್ಲಿ ನಿಂತರೆ ಮುಗಿಯಿತು. ದಾರಿಯುದ್ದಕ್ಕೂ ಕಪ್ಪು ಹೊಗೆ, ಪ್ಲಗ್ಗುಗಳಿಗೆ ಮಸಿ, ಬದಿಯಡ್ಕಕ್ಕೆ ಹೋಗಿ ಬರುವಷ್ಟರಲ್ಲಿ ಪೆಟ್ರೋಲ್ ಮುಳ್ಳು ಕೆಳಗೆ.

ಪೇಟೆಯ ಒಂದು ವರ್ಕ್‌ಶಾಪಿನವರು ಇದಕ್ಕೆ ಸುಲಭದ ಮದ್ದು ಮಾಡಿದ್ದರು. ಕೇಬಲ್ಲನ್ನು ಕಳಚಿ, ಜೆಟ್ ಲಿವರನ್ನು ಮೇಲಕ್ಕೆ ತಂತಿಯಿಂದ ಬಿಗಿದು ಕಟ್ಟಿದ್ದರು. "ನಮ್ಮೂರಿನ ಸೆಕೆಗೆ ಚೋಕ್ ಯಾಕೆ?" ಅಂತ. ಸೆಕೆ ಹೌದು. ಆದರೆ ಧನುರ್ಮಾಸದ ಬೆಳಗಿನ ಜಾವಕ್ಕೆ ಧನುಪೂಜೆಗೆ ಹೊರಟಾಗ ನೋಡಬೇಕು. ಅಮ್ಮ ಒಳಗೆ ಕೂತು ಸೆಲ್ಫ್ ಹೊಡೆಯುವುದು. ಅಪ್ಪ ಟಾರ್ಚು ಕಚ್ಚಿಕೊಂಡು, ಬಾನೆಟ್ಟಿನೊಳಗೆ ತಲೆ ಹಾಕಿ, ತಂತಿ ಬಿಚ್ಚಿ, ಲಿವರನ್ನು ಬೆರಳಲ್ಲಿ ಕೆಳಗೆ ಹಿಡಿಯುವುದು. ಎಪ್ಪತ್ತು ದಾಟಿದವರು ತಿರುಗುವ ಫ್ಯಾನಿನ ಪಕ್ಕ ಕೈಯಿಟ್ಟು ಗಾಡಿ ಸ್ಟಾರ್ಟ್ ಮಾಡುವುದು ನನಗೆ ಸಹಿಸಲು ಆಗಲಿಲ್ಲ. ಎಸ್‌ಯು ತೆಗೆದು ಬೇರೆ ಗಾಡಿಯ ಕಾರ್ಬೊರೇಟರ್ ಕೂರಿಸಿ ಎಂಬ ಸಲಹೆಯೂ ಬಂತು. ಅದಕ್ಕೆ ಅಪ್ಪ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಮಾಡುವುದಿದ್ದರೆ ಇದ್ದದ್ದನ್ನೇ ಸರಿ ಮಾಡಬೇಕು.

ಹಾಗೆ ಇಚ್ಚನನ್ನು ಮನೆಗೆ ಕರೆಸಿದೆ. ಎಲ್ಲರೂ ಅವರನ್ನು ಕರೆಯುವುದು ಇಚ್ಚ ಅಂತಲೇ. ಗ್ಯಾರೇಜು ಮಗನಿಗೆ ಬಿಟ್ಟುಕೊಟ್ಟಿದ್ದಾರೆ, ಹಳೆ ಗಾಡಿ ಅಂದರೆ ಮಾತ್ರ ಪೆಟ್ಟಿಗೆ ಹಿಡಿದು ಬರುತ್ತಾರೆ. ನಮ್ಮ ಮಾತು ಅರ್ಧ ತುಳು, ಅರ್ಧ ಮಲಯಾಳ, ನಡುನಡುವೆ ಕನ್ನಡ.

ಬಂದವರು ಕಾರ್ಬೊರೇಟರ್ ಮುಟ್ಟಲೇ ಇಲ್ಲ. "ಹಳೆ ಕೇಬಲ್ ಇದೆಯಾ ಮಾಷೇ?" ಎಂದು ಕೇಳಿದರು. ಶೆಡ್ಡಿನ ಮೂಲೆಯಿಂದ ತಂದುಕೊಟ್ಟೆ. ಒಳಗಿನ ತಂತಿಯನ್ನು ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ಎಳೆದರು. ಕಷ್ಟಪಟ್ಟು ಒಂದು ಗೇಣು ಬಂತು. ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದರು.

"ತುಕ್ಕು ಕೆಂಪಗಿರುತ್ತದೆ ಮಾಷೇ. ಇದು ನೋಡಿ, ನೀಲಿ."

ನಿಜ. ತಂತಿಯ ಮೇಲೆ ನವಿಲಿನ ಕತ್ತಿನಂಥ ನೀಲಿ ಬಣ್ಣ. ಉಕ್ಕು ಸುಮಾರು 300 ಡಿಗ್ರಿಯವರೆಗೆ ಕಾದರೆ ಮೈಮೇಲೆ ಆ ಬಣ್ಣ ಮೂಡುತ್ತದೆ. ಹೊರಗಿನ ಪ್ಲಾಸ್ಟಿಕ್ ಕವಚ ಒಂದು ಕಡೆ ಕರಗಿ ಸುಕ್ಕಾಗಿತ್ತು. ಒಳಗಿನ ಗ್ರೀಸು ಸುಟ್ಟು ಡಾಂಬರಿನ ಹಾಗೆ ಗಟ್ಟಿಯಾಗಿತ್ತು. ಉಪ್ಪುಗಾಳಿಗೆ ಇಷ್ಟು ಕಾವು ಎಲ್ಲಿಂದ ಬರಬೇಕು?

ನಾನು ಮಂಗಳೂರಿನಿಂದ ತಂದಿದ್ದ ಹೊಸ ಕೇಬಲ್ಲನ್ನು ಇಚ್ಚ ತಾತ್ಕಾಲಿಕವಾಗಿ ಸಿಕ್ಕಿಸಿದರು. ಪೆಟ್ರೋಲ್ ಪೈಪ್ ತೆಗೆದು ಬಾಯಿ ಕಟ್ಟಿದರು. ಕಾಯಿಲ್ ವಯರನ್ನೂ ತೆಗೆದರು, ಎಂಜಿನ್ ಹಿಡಿಯದೆ ಬರೀ ತಿರುಗಲಿ ಅಂತ. ನನ್ನನ್ನು ಸೆಲ್ಫ್ ಹೊಡೆಯಲು ಕೂರಿಸಿದರು. ಎಂಜಿನ್ ನಿಧಾನಕ್ಕೆ, ಮನಸ್ಸಿಲ್ಲದ ಹಾಗೆ ತಿರುಗಿತು. "ಸಾಕು, ಬಂದು ಮುಟ್ಟಿ." ಮುಟ್ಟಿದೆ. ಕೇಬಲ್ ಬಿಸಿಯಾಗಿತ್ತು. ಚಾ ಲೋಟದಷ್ಟು ಬಿಸಿ!

ಆಮೇಲೆ ಅವರು ಬಿಡಿಸಿ ಹೇಳಿದ್ದು ಇದು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಎಂಜಿನ್ನಿಗೂ ಬಾಡಿಗೂ ನಡುವೆ ತಾಮ್ರದ ಹೆಣೆದ ಪಟ್ಟಿ ಇರುತ್ತದೆ, ಅರ್ತ್ ವಯರ್. ಸೆಲ್ಫ್ ಮೋಟಾರ್ ನೂರಕ್ಕಿಂತ ಹೆಚ್ಚು ಆಂಪಿಯರ್ ಎಳೆಯುತ್ತದೆ. ಅಷ್ಟೂ ಕರೆಂಟು ಬ್ಯಾಟರಿಗೆ ವಾಪಸ್ ಹೋಗಬೇಕಾದದ್ದು ಆ ಪಟ್ಟಿಯ ಮೂಲಕ. ಪಟ್ಟಿ ಹಾಳಾದರೆ ಅದು ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್ಲಿನ ಒಂದು ತುದಿ ಕಾರ್ಬೊರೇಟರಿಗೆ, ಅಂದರೆ ಎಂಜಿನ್ನಿಗೆ ಕಚ್ಚಿಕೊಂಡಿದೆ. ಇನ್ನೊಂದು ತುದಿ ಡ್ಯಾಶ್‌ಬೋರ್ಡಿನ ತಗಡಿಗೆ. ಆ ತೆಳ್ಳಗಿನ ತಂತಿಯಲ್ಲಿ ಅಷ್ಟು ಕರೆಂಟು ನುಗ್ಗಿದರೆ ಅದು ಕಾಯದೆ ಏನು ಮಾಡೀತು?

ಇಚ್ಚ ಚಾಪೆ ಹಾಸಿ ಕಾರಿನಡಿಗೆ ಹೋದರು. ಪಟ್ಟಿ ಅಲ್ಲೇ ಇತ್ತು. ಆದರೆ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು ಉದುರಿ, ಕೆಲವೇ ಎಳೆಗಳಲ್ಲಿ ನೇತಾಡುತ್ತಿತ್ತು. ಬಾಡಿಯ ಕಡೆಯ ಬೋಲ್ಟು ಬಿಚ್ಚಿದಾಗ ಇನ್ನೊಂದು ಗೊತ್ತಾಯಿತು. ಅದನ್ನು ಕೂರಿಸಿದ್ದು ಪೇಂಟಿನ ಮೇಲೆ. ಅಪ್ಪ ತಕ್ಷಣ ಹೇಳಿದರು, "ಟಿಂಕರಿಂಗ್, ಪೇಂಟಿಂಗ್ ಮಾಡಿಸಿದ ಮೇಲೆಯೇ ಅಲ್ವಾ ಈ ಕೇಬಲ್ ರಗಳೆ ಶುರುವಾದದ್ದು?" ಹೌದು, ಆ ಮೇಲೆಯೇ. ಪೇಂಟ್ ಮಾಡಿದವರು ಬೋಲ್ಟಿನಡಿಯ ಬಣ್ಣ ಕೆರೆದಿರಲಿಲ್ಲ. ಉಳಿದದ್ದನ್ನು ಉಪ್ಪುಗಾಳಿ ಮಾಡಿತ್ತು.

ಖಾತ್ರಿಗೆ ಇಚ್ಚ ಒಂದು ಜಂಪರ್ ಕೇಬಲ್ ತೆಗೆದು ಬ್ಯಾಟರಿಯ ಅರ್ತ್ ತುದಿಯಿಂದ ನೇರ ಎಂಜಿನ್ನಿಗೆ ಕಚ್ಚಿಸಿದರು. ಸೆಲ್ಫ್ ಹೊಡೆದೆ. ಎಂಜಿನ್ ಪಟಪಟನೆ ತಿರುಗಿತು. ಚೋಕ್ ಕೇಬಲ್ ತಣ್ಣಗಿತ್ತು. ಮಂದವಾಗಿ ತಿರುಗುತ್ತದೆ ಅಂತ ಬ್ಯಾಟರಿ ಬದಲಿಸಿದ್ದು, ಸೆಲ್ಫ್ ಮೋಟಾರ್ ಬಿಚ್ಚಿಸಿದ್ದು ಎಲ್ಲದಕ್ಕೂ ಕಾರಣ ಇದೊಂದೇ. ಚೋಕ್ ತನ್ನದಲ್ಲದ ಕೆಲಸ ಮಾಡಿ ಸುಟ್ಟುಕೊಂಡಿತ್ತು, ಬೈಗುಳವೂ ಅದಕ್ಕೇ.

ಉಳಿದದ್ದು ನೆಮ್ಮದಿಯ ಕೆಲಸ. ಹೊಸ ಪಟ್ಟಿ, ಅಡಿಯಲ್ಲಿ ತಗಡು ಹೊಳೆಯುವ ತನಕ ಕೆರೆದು ಬೋಲ್ಟು, ಮೇಲೆ ಗ್ರೀಸು. ಜೆಟ್ಟನ್ನು ಕೆಳಗಿನಿಂದ ಎಳೆದು ತೆಗೆದಾಗ ಅದರ ಮೈಗೆ ಕಂದು ಅಂಟು ಮೆತ್ತಿತ್ತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಹಾಕಿದರು. ಪಿಸ್ಟನ್ನನ್ನು ಬೆರಳಲ್ಲಿ ಎತ್ತಿ ಬಿಟ್ಟರು, ಟಕ್ ಎಂದು ಕೂತಿತು. ಆ ಸದ್ದು ಬಂದರೆ ಸೂಜಿ ಜೆಟ್ಟಿನ ನಟ್ಟನಡುವೆ ಇದೆ ಎಂದರ್ಥ. ಕೇಬಲ್ ಬಿಗಿಯುವಾಗ ಲಿವರಿನ ಹತ್ತಿರ ಒಂದೂವರೆ ಮಿಲಿಮೀಟರಿನಷ್ಟು ಸಡಿಲ ಬಿಟ್ಟರು. ಅದಿಲ್ಲದಿದ್ದರೆ ಗುಂಡಿ ಪೂರ್ತಿ ತಳ್ಳಿದರೂ ಜೆಟ್ ಒಂಚೂರು ಕೆಳಗೇ ಉಳಿದೀತು. ಗುಂಡಿಯನ್ನು ಸ್ವಲ್ಪ ಎಳೆದಾಗ ಜೆಟ್ ಅಲ್ಲಾಡದೆ ಬರೀ ರೇಸ್ ಏರಬೇಕು, ಇನ್ನೂ ಎಳೆದ ಮೇಲೆಯೇ ಜೆಟ್ ಇಳಿಯಬೇಕು. ಅದನ್ನು ಹೊಂದಿಸುವ ಸ್ಕ್ರೂ ತಿರುಗಿಸುತ್ತಾ ಇಚ್ಚ ಕಣ್ಣು ಮುಚ್ಚಿ ಎಂಜಿನ್ ಕೇಳುತ್ತಿದ್ದರು. ಕಾದ ಮೇಲೆ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ನೋಡಿದರು. ಎಂಜಿನ್ ಸ್ವಲ್ಪ ಏರಿ ಮತ್ತೆ ಸಮಕ್ಕೆ ಬಂತು. ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ, ನಿಂತೇ ಹೋದರೆ ಕಡಿಮೆ.

ಮರುದಿನ ಬೆಳಗ್ಗೆ ಅಪ್ಪ ಒಬ್ಬರೇ ಹೋಗಿ ಗುಂಡಿ ಎಳೆದು ಸೆಲ್ಫ್ ಹೊಡೆದರು. ಗೇಟು ದಾಟುವಷ್ಟರಲ್ಲಿ ಅರ್ಧ ತಳ್ಳಿದ್ದರು, ಡಾಂಬರು ರಸ್ತೆಗೆ ಬರುವಾಗ ಪೂರ್ತಿ. ಹಿಂದೆ ಕಪ್ಪು ಹೊಗೆ ಇರಲಿಲ್ಲ.

ಒಂದು ಕೆಲಸ ಬಾಕಿ ಇದೆ. ಜೆಟ್ಟಿಗೆ ಪೆಟ್ರೋಲ್ ತರುವ ನೈಲಾನ್ ಕೊಳವೆ ಫ್ಲೋಟ್ ಚೇಂಬರಿಗೆ, ಅಂದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಸಣ್ಣ ಡಬ್ಬಿಗೆ, ಸೇರುವಲ್ಲಿ ಸಣ್ಣ ರಬ್ಬರ್ ವಾಷರ್ ಇರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುವುದರಿಂದ ಹಳೆ ಕಾಲದ ರಬ್ಬರು ಉಬ್ಬಿ ಬಿರಿಯುತ್ತದೆ. ನಮ್ಮದರಲ್ಲಿ ಆಗಲೇ ತೇವ ಕಾಣಿಸುತ್ತಿದೆ. ಎಥೆನಾಲ್ ತಡೆಯುವ ವಾಷರ್ ತರಿಸಿದ್ದೇನೆ. ಶುಕ್ರವಾರದ ನಮಾಜು ಮುಗಿಸಿ ಬರುತ್ತೇನೆ ಅಂದಿದ್ದಾರೆ ಇಚ್ಚ.