ಬಾದಾಮಿ ಕಲ್ಲಿಗೆ ಒಂದೇ ಫೋಟೊ ಸಾಲದು

ಬಾದಾಮಿ ಗುಹೆಯ ತ್ರೀಡಿ ಮಾಡೆಲ್‌ಗೆ ಕೆಂಪು ಕಲ್ಲಿನ ಒಂದು ಫೋಟೊ ಅಂಟಿಸಿ, ಉದ್ದಕ್ಕೂ ಟೈಲ್ ಮಾಡಿದರೆ ಗೋಡೆ ದೂರದಿಂದ ಬಚ್ಚಲುಮನೆಯ ಗೋಡೆಯಾಗುತ್ತದೆ. ಅದೇ ಕಲೆ, ಅದೇ ಬಿರುಕು ಎರಡು ಮೀಟರಿಗೊಮ್ಮೆ ಹಾಜರು. ಆಗ ಎಲ್ಲರೂ ಇನ್ನೂ ದೊಡ್ಡ ಫೋಟೊ ಹುಡುಕುತ್ತಾರೆ. ಅದರಿಂದ ಏನೂ ಆಗದು. ಈ ಮರಳುಗಲ್ಲಿನ ಪದರ, ಕಾಳು, ನೀರಿನ ಕರೆ ಮೂರೂ ಬೇರೆ ಬೇರೆ ಕಾರಣಕ್ಕೆ ಹುಟ್ಟಿದವು. ಮೂರನ್ನೂ ಬೇರೆ ಬೇರೆಯಾಗಿಯೇ ತಯಾರಿಸಬೇಕು.

ಪದರ ಕಲ್ಲಿನ ಮೈಮೇಲಿನದಲ್ಲ, ಒಡಲಿನದು. ಮಡಚಿ ಒಟ್ಟಿದ ಇಳಕಲ್ ಸೀರೆಗಳನ್ನು ನೋಡಿ: ಪಕ್ಕದಿಂದ ಗೆರೆಗಳು, ಮೇಲಿನಿಂದ ಒಂದೇ ಸೀರೆಯ ಮೈ. ಗೆರೆಯ ಚಿತ್ರವನ್ನು ಯುವಿ (ಮಾಡೆಲ್‌ನ ಮೈಯನ್ನು ಬಿಡಿಸಿ ಹಾಸಿದ ನಕ್ಷೆ) ಮೂಲಕ ಸುತ್ತಿದರೆ ಬಂಡೆಯ ನೆತ್ತಿಯ ಮೇಲೂ ಗೆರೆ ಬರುತ್ತದೆ. ಇದಕ್ಕೆ ಗ್ರಾಫಿಕ್ಸ್ ಸಂಶೋಧಕರಾದ ಕೆನ್ ಪರ್ಲಿನ್ ಮತ್ತು ಡಾರ್ವಿನ್ ಪೀಚಿ 1985ರಲ್ಲಿ ಬೇರೆ ಬೇರೆಯಾಗಿ ತೋರಿಸಿದ ಘನ ಟೆಕ್ಸ್ಚರ್ ದಾರಿಯೇ ಸರಿ. ಬಣ್ಣ ಬರುವುದು ಚಿತ್ರದಿಂದಲ್ಲ, ಬಿಂದುವಿನ ಎತ್ತರದಿಂದ. ತ್ರೀಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ ಪೊಸಿಷನ್‌ನ ಝಡ್ ಬೆಲೆ (ಅಂದರೆ ಎತ್ತರ, ಮೀಟರಿನಲ್ಲಿ) ತೆಗೆದುಕೊಳ್ಳಿ. ಸ್ಕೇಲ್ 0.4ರ ನಾಯ್ಸ್‌ನಿಂದ (ನಯವಾಗಿ ಏರಿಳಿಯುವ ಯಾದೃಚ್ಛಿಕ ಬೆಲೆಯಿಂದ) 0.5 ಕಳೆದು, 0.06ರಿಂದ ಗುಣಿಸಿ ಅದಕ್ಕೆ ಕೂಡಿಸಿ. ಗೆರೆಗಳು ತುಸು ಬಳುಕುತ್ತವೆ. ಆ ಮೊತ್ತವನ್ನು ಒಂದು ಆಯಾಮದ ನಾಯ್ಸ್‌ಗೆ ಸ್ಕೇಲ್ 25ರಲ್ಲಿ ಕೊಟ್ಟರೆ ಸುಮಾರು 4 ಸೆಂ.ಮೀ. ಅಂತರದ ಪದರ ಸಿಗುತ್ತದೆ. ಕೊನೆಗೆ ಆ ಬೆಲೆಯನ್ನು ಬಣ್ಣವಾಗಿಸಲು ಕಲರ್ ರ‍್ಯಾಂಪ್.

ಗುಹೆ ಒಂದೇ ಬಂಡೆಯಲ್ಲಿ ಕೊರೆದದ್ದು, ಹಾಗಾಗಿ ಗೋಡೆಯ ಪದರ ಅದೇ ಎತ್ತರದಲ್ಲಿ ಕಂಬದ ಮೇಲೂ ಮುಂದುವರಿಯಬೇಕು. ಈ ವಿಧಾನದಲ್ಲಿ ಅದು ತಾನಾಗಿ ಆಗುತ್ತದೆ. ಆದರೆ ಇದೇ ಮಟೀರಿಯಲ್ ಅನ್ನು ಪಟ್ಟದಕಲ್ಲಿನ ಗುಡಿಗೆ ಹಾಕಿದರೆ ಕೆಟ್ಟಿತು! ಅದು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು; ಪ್ರತಿ ಸಂದಿಯಲ್ಲೂ ಪದರ ಕಡಿಯಬೇಕು. ಒಂದೊಂದು ಕಲ್ಲೂ ಬೇರೆ ಆಬ್ಜೆಕ್ಟ್ ಆಗಿದ್ದರೆ ಆಬ್ಜೆಕ್ಟ್ ಇನ್ಫೊದ ರ‍್ಯಾಂಡಮ್ ಬೆಲೆಯನ್ನು 10ರಿಂದ ಗುಣಿಸಿ ಝಡ್‌ಗೆ ಕೂಡಿಸಿದರೆ ಸಾಕು.

ಕಾಳಿಗೆ ಫೋಟೊ ಬೇಕು, ಅದೂ ಬಂಡೆಯ ನೆತ್ತಿಯದ್ದು. ಪಕ್ಕದ್ದು ತೆಗೆದರೆ ಅದರೊಳಗಿನ ಗೆರೆ ನೀವು ಮಾಡಿದ ಗೆರೆಯೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ನೆರಳಿನಲ್ಲಿ 50 ಸೆಂ.ಮೀ. ಚೌಕವನ್ನು ನೇರ ಮೇಲಿನಿಂದ ತೆಗೆದು 2048 ಪಿಕ್ಸೆಲ್‌ಗೆ ಇಳಿಸಿ. (ಸಂರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್‌ಗೆ ಅನುಮತಿ ಬೇಕು, ಊರ ಸುತ್ತಲ ಗುಡ್ಡಕ್ಕೆ ಹೋದರೂ ಅದೇ ಕಲ್ಲು.) ಬೆಳಕಿನ ಏರುಪೇರು ಹೋಗಲು 300 ಪಿಕ್ಸೆಲ್ ಬ್ಲರ್ ಮಾಡಿದ ಪ್ರತಿಯಿಂದ ಭಾಗಿಸಿ, ಸರಾಸರಿ ಬಣ್ಣದಿಂದ ಗುಣಿಸಿ.

ಇನ್ನು ಆ ಫೋಟೊ ಮರುಕಳಿಸದಂತೆ ಹಿಗ್ಗಿಸುವ ಹೊಲಿಗೆ. ಎಫ್ರಾಸ್ ಮತ್ತು ಫ್ರೀಮನ್ 2001ರಲ್ಲಿ ಕೊಟ್ಟ ಇಮೇಜ್ ಕ್ವಿಲ್ಟಿಂಗ್ ಹೆಸರಿಗೆ ತಕ್ಕಂತೆ ಕೌದಿ ಹೊಲಿಯುವ ಕೆಲಸವೇ. ತುಂಡುಗಳನ್ನು ಒಂದರ ಮೇಲೊಂದು ತುಸು ಏರಿಸಿ, ವ್ಯತ್ಯಾಸ ಅತಿ ಕಡಿಮೆ ಇರುವ ಅಂಕುಡೊಂಕು ಗೆರೆಯಲ್ಲಿ ಕತ್ತರಿಸುತ್ತದೆ. ತುಂಡು 96 ಪಿಕ್ಸೆಲ್ ಇದ್ದರೆ ಏರಿಕೆ ಆರನೇ ಒಂದು, ಅಂದರೆ 16. ಕಲ್ಲಿನಲ್ಲಿ 1 ಸೆಂ.ಮೀ. ಹರಳಿದ್ದರೆ ಅದು ಸುಮಾರು 41 ಪಿಕ್ಸೆಲ್. ತುಂಡು ಅದಕ್ಕಿಂತ ಚಿಕ್ಕದಾದರೆ ಹರಳುಗಳೆಲ್ಲ ಅರ್ಧಂಬರ್ಧ. ತೀರಾ ದೊಡ್ಡದಾದರೆ ಮೂಲ ಚಿತ್ರವೇ ಇದ್ದ ಹಾಗೆ ಮರಳಿ ಬರುತ್ತದೆ.

ವಿಜಯಪುರದ ಕಪ್ಪು ಕಲ್ಲಿಗೆ ಪದರದ ಗೋಜಿಲ್ಲ, ಈ ಹಂತವೊಂದೇ ಸಾಕು.

ನೀರಿನ ಕಪ್ಪು ಕರೆ ಕೊನೆಗೆ, ಮೇಲಿಂದ ಕೆಳಗೆ ಎಳೆದ ನಾಯ್ಸ್ ಮಾಸ್ಕ್ (ಕರೆ ಎಲ್ಲಿ ಕಾಣಬೇಕೆಂದು ಹೇಳುವ ಚಿತ್ರ) ಆಗಿ. ಚಾಚಿದ ಬಂಡೆಯ ಅಡಿಭಾಗಕ್ಕೆ ಬೇಡ. ನಾರ್ಮಲ್ (ಮೈ ಮುಖಮಾಡಿದ ದಿಕ್ಕು) ಕೆಳಮುಖವಾಗಿರುವಲ್ಲಿ ಅಳಿಸಿ.

ಇಷ್ಟೆಲ್ಲ ಆದಮೇಲೂ ಬೆಳಕು ಒಂದು ಕಡೆ ವಾಲಿದಂತಿದ್ದರೆ, ಉಬ್ಬುತಗ್ಗನ್ನು ಬಣ್ಣದಲ್ಲಿ ಬರೆದಿಟ್ಟ ನಾರ್ಮಲ್ ಮ್ಯಾಪ್‌ನ ಕಲರ್ ಸ್ಪೇಸ್ ನೋಡಿ. ಅದನ್ನು ಎಸ್‌ಆರ್‌ಜಿಬಿ (ಬಣ್ಣದ ಚಿತ್ರಗಳ ಸ್ಪೇಸ್) ಎಂದು ಬಿಟ್ಟರೆ 128ರ ಬೆಲೆ 0.5 ಆಗದೆ ಸುಮಾರು 0.22 ಆಗಿ, ಸಪಾಟು ಮೈಯೂ ಓರೆಯಾಗುತ್ತದೆ. ನಾನ್-ಕಲರ್ ಮಾಡಿ. ಅನ್‌ರಿಯಲ್ ಗೇಮ್ ಎಂಜಿನ್‌ಗೆ ಒಯ್ದಾಗ ಗುಳಿಗಳು ಉಬ್ಬಿ ಕಂಡರೆ ಆ ಮ್ಯಾಪ್‌ನ ಹಸಿರು ಚಾನೆಲ್ ತಲೆಕೆಳಗು ಮಾಡಿ.