ಆ ‘ಹೂ’ ಒಂದೋ, ಹಲವೋ?

ಮಾರ್ಚ್ 11, 2025, ಮಂಗಳವಾರ

ಇವತ್ತು ಒಂದು ‘ಎಸ್’ ಅಕ್ಷರಕ್ಕಾಗಿ ಅರ್ಧ ದಿನ ಹೋಯಿತು.

ನಾನು ಬರೆದ ಇಂಗ್ಲಿಷ್ ಟಿಪ್ಪಣಿಯೊಂದನ್ನು ಕಳಿಸುವ ಮೊದಲು ಒಮ್ಮೆ ನೋಡಲಿ ಅಂತ ಆಫೀಸಿನ ಹುಡುಗಿಗೆ ಕೊಟ್ಟಿದ್ದೆ. ಕೆಲಸಕ್ಕೆ ಹೊಸಬಳು, ಆದರೆ ಕಣ್ಣು ಚುರುಕು. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಶಿ ಈಸ್ ಒನ್ ಆಫ್ ದೋಸ್ ಪೀಪಲ್ ಹೂ ನೆವರ್ ಗಿವ್ ಅಪ್.’ ಅವಳು ‘ಗಿವ್’ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ‘ಎಸ್’ ಹಾಕಿ ತಂದಳು.

“ಸರ್, ಶಿ ಅಂತ ಶುರುವಾಗಿದೆ, ಒನ್ ಅಂತಲೂ ಇದೆ. ಒಬ್ಬಳೇ ಅಲ್ವಾ? ಗಿವ್ಸ್ ಆಗಬೇಕು.”

“ನೋಡಮ್ಮ, ‘ಹೂ’ ಯಾರ ಬೆನ್ನಿಗೆ ನಿಂತಿದೆ ಅಂತ ನೋಡು” ಅಂದೆ.

ಕನ್ನಡದಲ್ಲಿ ಬರೆದರೆ ಈ ‘ಹೂ’ ಒಳ್ಳೆ ತಮಾಷೆ. ಇಂಗ್ಲಿಷಿನ ಹೂವಿಗೆ ತನ್ನದೇ ಬಣ್ಣ ಇಲ್ಲ. ಏಕವಚನವೂ ‘ಹೂ’, ಬಹುವಚನವೂ ‘ಹೂ’. ಯಾವ ಪದವನ್ನು ವಿವರಿಸುತ್ತದೋ ಅದರ ವಚನವನ್ನು ಪಡೆದು ಮುಂದಿನ ಕ್ರಿಯಾಪದಕ್ಕೆ ದಾಟಿಸುತ್ತದೆ, ಅಷ್ಟೆ. ನನ್ನ ಸಾಲಿನಲ್ಲಿ ಅದು ‘ಪೀಪಲ್’ ಬೆನ್ನಿಗಿದೆ. ಬಿಟ್ಟುಕೊಡದ ಜನ ಅಂತ ಒಂದು ಗುಂಪಿದೆ, ಆ ಗುಂಪಿನಲ್ಲಿ ಇವಳೂ ಒಬ್ಬಳು. ಬಿಟ್ಟುಕೊಡದಿರುವುದು ಗುಂಪಿನ ಗುಣ. ಹಾಗಾಗಿ ‘ಗಿವ್’.

ಮುಂದೆ ‘ದಿ ಓನ್ಲಿ’ ಸೇರಿಸಿದರೆ ಕಥೆ ಬದಲಾಗುತ್ತದೆ. ‘ಶಿ ಈಸ್ ದಿ ಓನ್ಲಿ ಒನ್ ಆಫ್ ದೆಮ್ ಹೂ ನೆವರ್ ಗಿವ್ಸ್ ಅಪ್.’ ಈಗ ಗುಂಪಿನಲ್ಲಿ ಬೇರೆ ಯಾರಿಗೂ ಆ ಗುಣ ಇಲ್ಲ, ಇವಳಿಗೊಬ್ಬಳಿಗೇ. ‘ಎಸ್’ ಬೇಕೇ ಬೇಕು.

ಅವಳು ಪೂರ್ತಿ ಒಪ್ಪಲಿಲ್ಲ. ಅದೂ ಸರಿಯೇ. ಮೊದಲ ಸಾಲಿನಂಥ ಕಡೆ ಇಂಗ್ಲಿಷ್ ಮನೆಮಾತಿನವರೇ ಎಷ್ಟೋ ಜನ ‘ಗಿವ್ಸ್’ ಅಂತ ಬರೆಯುತ್ತಾರೆ, ಒಳ್ಳೆಯ ಬರಹಗಾರರೂ ಸೇರಿ. ಅವರ ಮನಸ್ಸು ‘ಒನ್’ ಮೇಲೆ ನಿಂತಿರುತ್ತದೆ. ತಪ್ಪು ಅಂತ ಜಗಳಕ್ಕೆ ಹೋಗಲಾರೆ. ನನಗೆ ಮಾತ್ರ ‘ಗಿವ್’ ಇಷ್ಟ.

ನನ್ನ ತಲೆಯಲ್ಲಿ ಉಳಿದದ್ದು ಬೇರೆ ಪ್ರಶ್ನೆ. ಇಷ್ಟು ವರ್ಷ ಇಂಗ್ಲಿಷ್ ಬರೆದರೂ ಉಪವಾಕ್ಯದೊಳಗೆ, ಅಂದರೆ ದೊಡ್ಡ ವಾಕ್ಯದ ಹೊಟ್ಟೆಯಲ್ಲಿರುವ ಚಿಕ್ಕ ವಾಕ್ಯದೊಳಗೆ, ಬಂದ ಕೂಡಲೇ ನಮ್ಮ ಕೈ ಯಾಕೆ ತಡೆಯುತ್ತದೆ? ಇದೇ ಸಾಲನ್ನು ಕನ್ನಡದಲ್ಲಿ ಹೇಳಿ ನೋಡಿದೆ. ‘ಎಂದೂ ಬಿಟ್ಟುಕೊಡದ ಜನರಲ್ಲಿ ಅವಳೂ ಒಬ್ಬಳು.’ ಆ ‘ಬಿಟ್ಟುಕೊಡದ’ ಒಬ್ಬರದ್ದೋ ಹತ್ತು ಜನರದ್ದೋ? ಅದಕ್ಕೆ ಗೊತ್ತೇ ಇಲ್ಲ! ಬಂದ ಹುಡುಗ, ಬಂದ ಹುಡುಗಿ, ಬಂದ ಹುಡುಗರು. ನಾನು ಬಂದರೆ, ನೀನು ಬಂದರೆ, ಅವರೆಲ್ಲ ಬಂದರೆ. ಬಂದಾಗ, ಬಂದು, ಬರುವ ತನಕ, ಬಂದಿದ್ದಕ್ಕೆ. ಯಾವುದಕ್ಕೂ ವಚನದ ಗೊಡವೆ ಇಲ್ಲ. ಎಲ್ಲ ಲೆಕ್ಕ ಕೊನೆಯ ಕ್ರಿಯಾಪದದ ತಲೆಗೆ. ಬಂದನು, ಬಂದಳು, ಬಂದರು ಅಂತ ಹೇಳುವ ಕೆಲಸ ಅದರದ್ದು.

ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ‘ಇಫ್ ಹಿ ಕಮ್ಸ್’, ‘ಇಫ್ ದೇ ಕಮ್’. ‘ವೆನ್ ಶಿ ಈಸ್ ಟೈರ್ಡ್’, ‘ವೆನ್ ದೇ ಆರ್ ಟೈರ್ಡ್’. ವಾಕ್ಯದೊಳಗೆ ಎಷ್ಟು ಉಪವಾಕ್ಯ ಇವೆಯೋ ಅಷ್ಟು ಸಲ ಕರ್ತೃ ಯಾರು, ಎಷ್ಟು ಜನ ಅಂತ ಕೇಳುತ್ತದೆ. ಪುಣ್ಯಕ್ಕೆ ಭೂತಕಾಲದಲ್ಲಿ ಸ್ವಲ್ಪ ಉಸಿರಾಡಬಹುದು. ‘ಕೇಮ್’ ಎಲ್ಲರಿಗೂ ಒಂದೇ. ‘ವಾಸ್’, ‘ವರ್’ ಮಾತ್ರ ಬಿಡದ ಕಾಟ. ‘ಕ್ಯಾನ್’, ‘ವಿಲ್’ ಇದ್ದರೂ ಚಿಂತೆ ಇಲ್ಲ.

ಬಹುವಚನದ ಕರ್ತೃ ಒಂದು ಗುಟ್ಟನ್ನೂ ಬಚ್ಚಿಡುತ್ತದೆ. ‘ಐ ಸಜೆಸ್ಟ್ ದ್ಯಾಟ್ ಹಿ ಗೋ’ ಅಂದಾಗ ‘ಗೋಸ್’ ಯಾಕಿಲ್ಲ ಅಂತ ಕಣ್ಣಿಗೆ ಹೊಡೆಯುತ್ತದೆ. ಸಲಹೆ, ಒತ್ತಾಯದ ಮಾತಿನ ನಂತರ ಅಲ್ಲಿ ಮೂಲ ರೂಪ ಬರುತ್ತದೆ. ಅದೇ ‘ದೇ ಗೋ’ ಅಂದರೆ ಏನೂ ವ್ಯತ್ಯಾಸ ಕಾಣದು. ನಿಯಮ ಗೊತ್ತಿಲ್ಲದವರೂ ಅಲ್ಲಿ ಪಾಸು.

ಹಾಗಂತ ಕನ್ನಡದಲ್ಲಿ ಉಪವಾಕ್ಯಕ್ಕೆ ವಚನವೇ ಇಲ್ಲ ಅನ್ನುವಂತಿಲ್ಲ. ‘ಅಂತ’ ಬಂದರೆ ಇದೆ. ‘ತಾವು ಗೆದ್ದೆವು ಅಂತ ಅವರು ಗೆಳೆಯರಿಗೆ ಹೇಳಿದರು.’ ಇಲ್ಲಿ ಕನ್ನಡವೇ ಮುಂದೆ. ಗೆದ್ದದ್ದು ಹೇಳಿದವರು, ಅನುಮಾನವೇ ಬೇಡ. ಇಂಗ್ಲಿಷಿನಲ್ಲಿ ‘ದೇ ಟೋಲ್ಡ್ ದೇರ್ ಫ್ರೆಂಡ್ಸ್ ದ್ಯಾಟ್ ದೇ ಹ್ಯಾಡ್ ವನ್.’ ಗೆದ್ದದ್ದು ಯಾರು? ಇವರೋ, ಗೆಳೆಯರೋ, ಬೇರೆ ಮೂರನೆಯವರೋ? ಎರಡು ಕಡೆಯೂ ಬಹುವಚನ ಇದ್ದರೆ ಒಂದು ‘ದೇ’ ಎಲ್ಲರಿಗೂ ಹೊಂದುವ ಅಂಗಿ. ‘ತಾವು’, ‘ತಮ್ಮ’ ಅನ್ನುವ ಪದಗಳ ಬೆಲೆ ಇಂಥ ಹೊತ್ತಲ್ಲಿ ಗೊತ್ತಾಗುತ್ತದೆ.

ಆ ‘ದೇ’ ಒಬ್ಬರಿಗೂ ಆಗುತ್ತದೆ ಅಂತ ಹೇಳಿದಾಗ ಹುಡುಗಿ ನಕ್ಕಳು. ‘ಇಫ್ ಎನಿಒನ್ ಥಿಂಕ್ಸ್ ದೇ ಆರ್ ಲೇಟ್.’ ವ್ಯಕ್ತಿ ಒಬ್ಬರೇ. ಯೋಚಿಸುವಾಗ ಏಕವಚನ, ತಡವಾಗುವಾಗ ಬಹುವಚನ! ಇದೇನು ಇತ್ತೀಚಿನ ಫ್ಯಾಷನ್ ಅಲ್ಲ, 14ನೇ ಶತಮಾನದಿಂದಲೂ ಬರಹದಲ್ಲಿದೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ವರ್ಷದ ಪದವಾಗಿ ಆರಿಸಿದ್ದೂ ಈ ‘ದೇ’ಯನ್ನೇ. ಒಬ್ಬರೇ ಹಿರಿಯರನ್ನು ‘ಅವರು ಬಂದರು’ ಅನ್ನುವ ನಮಗೆ ಇದರಲ್ಲಿ ಆಶ್ಚರ್ಯ ಏನಿದೆ, ಅಲ್ವಾ?

ಒಂದು ಕಡೆ ಮಾತ್ರ ಎರಡೂ ಭಾಷೆ ಜೊತೆಯಾಗಿ ನಡೆಯುತ್ತವೆ. ‘ವಾಟ್ ದೇ ಸೇ ಈಸ್ ಟ್ರೂ.’ ಒಳಗೆ ‘ದೇ’ ಇದ್ದರೂ ಹೊರಗೆ ‘ಈಸ್’. ಇಡೀ ಉಪವಾಕ್ಯವನ್ನು ಗಂಟು ಕಟ್ಟಿ ಒಂದೇ ವಸ್ತು ಅಂತ ಲೆಕ್ಕ ಹಿಡಿಯುತ್ತದೆ. ನಾವೂ ಹಾಗೇ. ‘ಅವರೆಲ್ಲ ಬಂದದ್ದು ಒಳ್ಳೆಯದಾಯಿತು.’ ಬಂದವರು ನೂರು ಜನ ಇದ್ದರೂ ಬಂದದ್ದು ಒಂದೇ.

ಮಧ್ಯಾಹ್ನ ಸುಮ್ನೆ ಕೂರಲಾಗದೆ ಅವಳಿಗೆ ಹಳೇ ಪ್ರಯೋಗವೊಂದರ ಕಥೆ ಹೇಳಿದೆ. 1991ರಲ್ಲಿ ಸಂಶೋಧಕರಾದ ಕ್ಯಾಥರಿನ್ ಬಾಕ್ ಮತ್ತು ಕರೋಲ್ ಮಿಲ್ಲರ್ ಪ್ರಕಟಿಸಿದ್ದು. ‘ದಿ ಕೀ ಟು ದಿ ಕ್ಯಾಬಿನೆಟ್ಸ್’ ತರಹದ ಅರ್ಧ ಸಾಲನ್ನು ಕೇಳಿಸಿ, ಜನ ಅದನ್ನು ಪೂರ್ತಿ ಮಾಡುವಾಗ ಎಲ್ಲಿ ತಪ್ಪುತ್ತಾರೆ ಅಂತ ನೋಡಿದರು. ಬೀಗದ ಕೈ ಒಂದೇ. ಆದರೂ ಪಕ್ಕದ ‘ಕ್ಯಾಬಿನೆಟ್ಸ್’ ಸೆಳೆತಕ್ಕೆ ಬಿದ್ದು ಕೆಲವೊಮ್ಮೆ ‘ಆರ್’ ಅಂದುಬಿಡುತ್ತಾರೆ. ಕರ್ತೃ ಬಹುವಚನವಾಗಿ, ಪಕ್ಕದ ಪದ ಏಕವಚನವಾಗಿದ್ದರೆ ಈ ಸೆಳೆತ ಅಷ್ಟಾಗಿ ಇಲ್ಲ. ಬಹುವಚನಕ್ಕೇ ಜೋರು ಜಾಸ್ತಿ. ಮರುವರ್ಷ ಬಾಕ್ ಅವರು ಕೂಪರ್ ಕಟಿಂಗ್ ಎಂಬವರ ಜೊತೆ ಇನ್ನೊಂದು ಕೆಲಸ ಮಾಡಿದರು. ಆ ಮಧ್ಯದ ಬಹುವಚನ ಉಪವಾಕ್ಯದೊಳಗೆ ಕೂತಿದ್ದರೆ ಜನ ಎಡವುವುದು ಕಡಿಮೆ ಅಂತ ಗೊತ್ತಾಯಿತು. ಉಪವಾಕ್ಯ ಒಂದು ಗೋಡೆಯ ಹಾಗೆ, ಒಳಗಿನ ಗದ್ದಲ ಹೊರಗೆ ಅಷ್ಟಾಗಿ ಕೇಳಿಸುವುದಿಲ್ಲ. ನನಗೆ ತುಂಬಾ ಹಿಡಿಸಿದ ವಿಷಯ ಇದು. ಎರಡು ಸಲ ಹೇಳಿದೆ ಅಂತ ಕಾಣುತ್ತದೆ, ಪಾಪ, ಅವಳು ಎರಡು ಸಲವೂ ಕೇಳಿದಳು.

ಸಂಜೆ ಟಿಪ್ಪಣಿ ಕಳಿಸುವ ಮುಂಚೆ ಕೊನೆಯ ಸಾಲಿಗೆ ಕಣ್ಣು ಹೋಯಿತು. ನಾನೇ ಬರೆದದ್ದು: ‘ದಿ ಲಿಸ್ಟ್ ಆಫ್ ಮೆಂಬರ್ಸ್ ಹೂ ಹ್ಯಾವ್ ಪೇಯ್ಡ್ ಆರ್ ಅಟ್ಯಾಚ್ಡ್.’ ‘ಹೂ ಹ್ಯಾವ್’ ಸರಿ, ಅದು ಮೆಂಬರ್ಸ್ ಕಡೆಯದು. ಆದರೆ ಲಿಸ್ಟ್ ಒಂದೇ ಅಲ್ವಾ! ಸದಸ್ಯರ ಗುಂಪು ನನ್ನನ್ನೂ ಎಳೆದುಕೊಂಡು ಹೋಗಿತ್ತು. ಬೆಳಗಿನಿಂದ ಪಾಠ ಹೇಳಿದವನು ನಾನು.

ಕರೆದು ತೋರಿಸಿದೆ. ತನ್ನ ಕಣ್ಣಿಗೂ ಬೀಳಲಿಲ್ಲವಲ್ಲ ಅಂತ ಮೊದಲು ಸಪ್ಪಗಾದಳು. ಆಮೇಲೆ ಕೆಂಪು ಪೆನ್ನು ತೆಗೆದು ‘ಆರ್’ ಹೊಡೆದು ‘ಈಸ್’ ಬರೆದಳು.

“ಅಲ್ಲಿ ನೀವು ಬೇಡ ಅಂದ ಎಸ್ ಇಲ್ಲಿ ಕೆಲಸಕ್ಕೆ ಬಂತಲ್ಲ ಸರ್” ಅಂದಳು.