ತೋರೋ ವೈನಿನ ಒಗರು: ಆರು ಬಾಟಲಿಗಳಲ್ಲಿ ನಾಲ್ಕು ಮುಗಿದವು

ಸ್ಪೇನಿನ ವಯ್ಯಾದೊಲಿದ್‌ಗೆ ಬಂದ ಹೊಸತರಲ್ಲಿ ಸಹೋದ್ಯೋಗಿಯೊಬ್ಬ ತೋರೋ ಊರಿನ ಕೆಂಪು ವೈನ್ ಸುರಿದುಕೊಟ್ಟಿದ್ದ. ಒಂದೇ ಗುಟುಕಿಗೆ ಹಸಿ ಅಡಿಕೆ ಅಗಿದ ಹಾಗೆ ನಾಲಿಗೆ ಒಣಗಿ ಒಸಡು ಬಿಗಿದುಕೊಂಡಿತು. ಕೆಟ್ಟುಹೋಗಿದೆ ಅಂದೆ. ಬರಿ ಹೊಟ್ಟೆಯಲ್ಲಿ ಯಾರು ಕುಡಿಯುತ್ತಾರೆ ಅಂತ ನಕ್ಕ. ಅವತ್ತಿನ ಹಟಕ್ಕೆ ಹುಟ್ಟಿದ ಪ್ರಯೋಗ ಇದು. ಒಂದೇ ತಯಾರಕರ, ಒಂದೇ ವರ್ಷದ ಆರು ಬಾಟಲಿ ತಂದು, ಒಂದೊಂದಕ್ಕೂ ಬೇರೆ ಊಟ ಮಾಡಿ, ಒಗರಿಗೆ ಹತ್ತರಲ್ಲಿ ಅಂಕ ಹಾಕುವುದು. ಬರೀ ವೈನಿಗೆ ಹಾಕಿದ ಅಂಕ 9.

ತೋರೋ ಇರುವುದು ಇಲ್ಲಿಂದ ಪಶ್ಚಿಮಕ್ಕೆ, ಸಮೋರಾ ಪ್ರಾಂತ್ಯದಲ್ಲಿ, ದುಯೆರೋ ನದಿಯ ದಂಡೆಯ ಮೇಲೆ. ದ್ರಾಕ್ಷಿ ಟೆಂಪ್ರನಿಲ್ಲೋ ಎಂಬ ಸ್ಪೇನಿನ ಕೆಂಪು ವೈನ್ ತಳಿಯದೇ ಒಂದು ಸ್ಥಳೀಯ ರೂಪ, ಹೆಸರು ತಿಂತಾ ದೆ ತೋರೋ. ಬಿಸಿಲಿಗೆ ಸಿಪ್ಪೆ ದಪ್ಪಗಾಗುತ್ತದೆ, ಒಗರಿನ ಟ್ಯಾನಿನ್ ಹೆಚ್ಚಾಗಿ ಬರುವುದು ಆ ಸಿಪ್ಪೆ ಮತ್ತು ಬೀಜದಿಂದ. ಮಣ್ಣು ಮರಳುಮರಳು. ಬೇರು ತಿನ್ನುವ ಫಿಲೊಕ್ಸೆರಾ ಹುಳು ಮರಳಿನಲ್ಲಿ ಹರಡಲಾಗದೆ, ಹುಳು ತಡೆಯುವ ಬೇರಿಗೆ ಕಸಿ ಮಾಡದ ಹಳೆಯ ಬಳ್ಳಿಗಳು ಇನ್ನೂ ಉಳಿದಿವೆ. 1987ರಿಂದ ಊರಿನ ಹೆಸರಿಗೆ ಕಾನೂನಿನ ರಕ್ಷಣೆಯೂ ಇದೆ. ನನ್ನದು ಕ್ರಿಯಾಂಸಾ, ಅಂದರೆ ಕನಿಷ್ಠ 24 ತಿಂಗಳು ಮಾಗಿದ್ದು, ಅದರಲ್ಲಿ 6 ತಿಂಗಳಾದರೂ ಓಕ್ ಪೀಪಾಯಿಯಲ್ಲಿ.

ಮೊದಲ ಬಾಟಲಿ, ಲೆಚಾಸೋ. ಹಾಲು ಕುಡಿಯುವ ಕುರಿಮರಿಯನ್ನು ಮಣ್ಣಿನ ತಟ್ಟೆಯಲ್ಲಿಟ್ಟು ಬರೀ ನೀರು, ಉಪ್ಪು ಹಾಕಿ ಸೌದೆ ಒಲೆಯಲ್ಲಿ ಸುಡುವುದು ಇಲ್ಲಿಯ ಕ್ರಮ. ನನ್ನದು ಬಾಡಿಗೆ ಮನೆಯ ಕರೆಂಟ್ ಓವನ್. ಮಸಾಲೆಯೇ ಇಲ್ಲದ ಮಾಂಸ ಸಪ್ಪೆಯೆಂದು ಅನುಮಾನವಿತ್ತು. ಆದರೆ ಕೊಬ್ಬಿನ ತುತ್ತಿನ ಮೇಲೆ ವೈನ್ ಹೋದಾಗ ಬಿಗಿತ ತುಂಬಾ ಇಳಿದಿತ್ತು. ಅಂಕ 4. ಟ್ಯಾನಿನ್ ಸಾಮಾನ್ಯವಾಗಿ ಎಂಜಲಿನ ಪ್ರೊಟೀನಿಗೆ ಅಂಟಿಕೊಂಡು ಬಾಯಿಯ ಜಾರುತನ ಕಿತ್ತುಕೊಳ್ಳುತ್ತದೆ. ಮಾಂಸದ ಪ್ರೊಟೀನು, ಕೊಬ್ಬು ಇದ್ದರೆ ಅದಕ್ಕೆ ಹಿಡಿದುಕೊಳ್ಳಲು ಬೇರೆಯದು ಸಿಗುತ್ತದೆ.

ಎರಡನೆಯದು ನನ್ನ ಮೂರ್ಖತನ. ಊರಿಂದ ತಂದ ಖಾರದ ಪುಡಿ ಧಾರಾಳ ಸುರಿದು ಕೋಳಿ ಸಾರು. ಶೇಕಡಾ 15ರ ಆಲ್ಕೋಹಾಲ್ ಆ ಖಾರದ ಬೆಂಕಿಗೆ ಎಣ್ಣೆ ಹುಯ್ದಂತೆ ಆಯಿತು. ಅಂಕ 10, ಹತ್ತಕ್ಕಿಂತ ಮೇಲೆ ಹಾಕುವಂತಿರಲಿಲ್ಲ. ಉಳಿದ ಅರ್ಧ ಬಾಟಲಿಗೆ ಮಾರನೇ ದಿನ ಖಾರ ಬಿಟ್ಟು, ತೆಂಗಿನ ಹಾಲು ಹಾಕಿ, ಹೊಗೆಯಲ್ಲಿ ಒಣಗಿಸಿದ, ಸ್ಪೇನಿನದೇ ಲಾ ವೆರಾ ಪ್ರದೇಶದ ಖಾರವಿಲ್ಲದ ಕೆಂಪು ಮೆಣಸಿನಕಾಯಿ ಪುಡಿಯಿಂದ ಮಾಡಿದೆ. 5. ಒಂದು ರಾತ್ರಿ ಗಾಳಿಯಾಡಿದ್ದರಿಂದ ವೈನೂ ಮೆತ್ತಗಾಗಿತ್ತು, ಹಾಗಾಗಿ ಈ ಅಂಕ ಪೂರ್ತಿ ನಂಬುವಂಥದ್ದಲ್ಲ.

ಮೂರನೆಯದರಲ್ಲೇ ನನಗೆ ನಿಜವಾಗಿ ಬೆಳಕು ಬಿದ್ದದ್ದು. ಸಮೋರಾದ್ದೇ ಕುರಿಹಾಲಿನ ಚೀಸ್, ಗಟ್ಟಿ, ಚೆನ್ನಾಗಿ ಮಾಗಿದ್ದು. 3! ತಿನ್ನುತ್ತಾ ಅಮ್ಮನ ಅಡುಗೆಮನೆಯ ಮಜ್ಜಿಗೆ ಬೋಗುಣಿ ನೆನಪಾಗಿ ಊರಿಗೆ ಫೋನ್ ಹಚ್ಚಿದೆ.

"ಅಮ್ಮಾ, ಬಾಳೆಹೂವು ಹೆಚ್ಚಿ ಮಜ್ಜಿಗೇಲಿ ಯಾಕೆ ಹಾಕ್ತೀಯ?"

"ಕಪ್ಪಾಗಬಾರದು, ಒಗರು ಹೋಗಬೇಕು ಅಂತ ಕಣೋ. ಯಾಕೆ, ಅಲ್ಲಿ ಬಾಳೆಹೂವು ಸಿಗತ್ತಾ?"

ಅಮ್ಮನ ಯಾಕೆ ಅನ್ನೋದಕ್ಕೆ ನಾನು ಪೂರ್ತಿ ಉತ್ತರ ಕೊಡಲಿಲ್ಲ. ಮಜ್ಜಿಗೆಯ ಪ್ರೊಟೀನು ಬಾಳೆಹೂವಿನ ಒಗರನ್ನು ಹಿಡಿದ ಹಾಗೆಯೇ ಚೀಸು ವೈನಿನದನ್ನು ಹಿಡಿಯುತ್ತದೆ. ವೈನ್ ಮಾಡುವವರು ಪೀಪಾಯಿಗೆ ಮೊಟ್ಟೆಯ ಬಿಳಿ ಹಾಕಿ ಒಗರು ಇಳಿಸುವ ಹಳೆಯ ಪದ್ಧತಿಯೂ ಇದೇ ಲೆಕ್ಕ. ಹಸಿ ಬಿಳಿ ಚೀಸ್ ಮಾತ್ರ ವೈನಿನ ಮುಂದೆ ಸೋತಿತು, ಅದರ ರುಚಿಯೇ ತಿಳಿಯಲಿಲ್ಲ.

ನಾಲ್ಕನೆಯದು ಮಾಂಸ ತಿನ್ನದ ಗೆಳತಿಗಾಗಿ: ಫುಯೆಂತೆಸಾಉಕೋ ಊರಿನ ಕಡಲೆಕಾಳು, ಪಾಲಕ್ ಸೊಪ್ಪು. 7. ಕಾಳಿನಲ್ಲಿ ಪ್ರೊಟೀನು ಇದ್ದರೂ ಜಿಡ್ಡು ಸಾಲದು ಅನ್ನಿಸಿತು. ಮೇಲೆ ಆಲಿವ್ ಎಣ್ಣೆ ಸುರಿದು, ಬೇಯಿಸಿದ ಮೊಟ್ಟೆ ಸೇರಿಸಿದ ಮೇಲೆ 5ಕ್ಕೆ ಇಳಿಯಿತು. ಅವಳು ಕೊಟ್ಟದ್ದು 6. ಇಬ್ಬರ ಅಂಕವನ್ನೂ ಬರೆದಿಟ್ಟಿದ್ದೇನೆ.

ಐದನೆಯದಕ್ಕೆ ಸಮೋರಾದ ಅನ್ನ, ಅಂದರೆ ಹಂದಿಯ ಕಿವಿ, ಕಾಲು ಹಾಕಿ ಬೇಯಿಸುವ ಅಕ್ಕಿ ಅಡುಗೆ. ಮಾರುಕಟ್ಟೆಯ ಮಾಂಸದಂಗಡಿಯಲ್ಲಿ ಶನಿವಾರಕ್ಕೆ ಹೇಳಿಟ್ಟಿದ್ದೇನೆ. ಆರನೆಯ ಬಾಟಲಿ ಮೂರು ವರ್ಷ ತೆರೆಯುವುದಿಲ್ಲ. ಚಪ್ಪಲಿ ಗೂಡಿನ ಹಿಂದೆ, ಮನೆಯಲ್ಲೇ ತಂಪಾದ ಜಾಗದಲ್ಲಿ, ಅಡ್ಡ ಮಲಗಿದೆ.